ಏಪ್ರಿಲ್ ಮೂವತ್ತರ ಪುಟ

ಹೋದ ವಾರ ಅವರ ಸಂತಾಪ ಸಭೆಗೆ ಹೋಗಿ ಅರ್ಧಕ್ಕೇ ಎದ್ದು ಬಂದೆ. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ಎಂಬ ಪದ್ಧತಿ ನನಗೂ ಗೊತ್ತು. ಆದರೆ ಬದುಕಿದ್ದಾಗ ಯಾರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲವೋ ಅವರಿಗಾಗಿ ಮೈಕು ಹಿಡಿದು ಕಣ್ಣೊರೆಸಿಕೊಳ್ಳುವುದನ್ನು ನೋಡುತ್ತ ಕೂರುವಷ್ಟು ಗಟ್ಟಿ ಹೊಟ್ಟೆ ನನ್ನದಲ್ಲ. "ನಮ್ಮ ಭಾಗದ ವರುಣದೇವ ಅವರು" ಎಂದರು ಒಬ್ಬರು. ಇದೇ ಮಹಾಶಯರು ಹತ್ತು ವರ್ಷ ಅವರನ್ನು "ಏಯ್ ಮಿಲಿಮೀಟ್ರು, ಎರಡು ಟೀ ಹೇಳೋಗು" ಎಂದು ಓಡಿಸಿದವರು. ಆಮೇಲೆ ಒಬ್ಬ ಗುತ್ತಿಗೆದಾರ ಎದ್ದುನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಐದು ಮಾರು ದೂರಕ್ಕೆ ಹೊಡೆಯುವ ಸೆಂಟು. "ಸತ್ಯಕ್ಕೆ ಇನ್ನೊಂದು ಹೆಸರು ಅವರು" ಎಂದ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎನ್ನುತ್ತಿದ್ದ ನಮ್ಮಜ್ಜಿ ಇಂಥವನನ್ನು ನೋಡಿಯೇ ಹಾಗನ್ನುತ್ತಿದ್ದಳೇನೋ. ಹೊರಗೆ ಬಂದು ಮೋರಿಗೆ ಉಗುಳಿದೆ. ಉಗುಳಿದ ಮೇಲೆ, ನಾನೂ ಏನು ಅಂಥಾ ಸಾಚಾ ಎಂದು ನೆನಪಾಗಿ ಬಾಯಿ ಇನ್ನಷ್ಟು ಕಹಿಯಾಯಿತು.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನಾನು ಗುಮಾಸ್ತಿಕೆ ಮಾಡಿದ್ದೇನೆ. ಇದು ಎಲ್ಲಿ ನಡೆದದ್ದು, ಯಾವ ಇಲಾಖೆ ಎಂದು ಹೇಳುವುದಿಲ್ಲ. ಅವರ ಹೆಸರನ್ನೂ ಹೇಳುವುದಿಲ್ಲ. ಅವರದ್ದು ಹೇಳಿದರೆ ಉಳಿದವರದ್ದೂ ಹಿಂದೆಯೇ ಬರುತ್ತದೆ, ಆ ಹೆಸರುಗಳನ್ನು ಬರೆಯಲು ನನಗೆ ಮನಸ್ಸಿಲ್ಲ.

ನಮ್ಮ ಕಚೇರಿಯಲ್ಲಿ ಅವರು ಜವಾನರು. ಫೈಲು ಹೊರುವುದು, ಟೀ ತರುವುದು, ಸಾಹೇಬರ ಜೀಪು ಬಂದರೆ ಗೇಟು ತೆಗೆಯುವುದು. ಇದರ ಜೊತೆಗೆ ಹಿತ್ತಲಲ್ಲಿದ್ದ ಮಳೆಮಾಪಕವನ್ನು ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ರಿಜಿಸ್ಟರಿನಲ್ಲಿ ಬರೆಯುವ ಕೆಲಸವೂ ಅವರದೇ. ಬೇರೆ ಯಾರಿಗೂ ಬೇಡವಾಗಿದ್ದ ಕೆಲಸ ಅದು. ಭಾನುವಾರವಿಲ್ಲ, ಹಬ್ಬವಿಲ್ಲ. ಮಗಳ ಮದುವೆಯ ದಿನವೂ ಧಾರೆ ಮುಗಿಸಿ, ಜರಿಪಂಚೆ ಉಟ್ಟುಕೊಂಡೇ ಸೈಕಲ್ಲಿನಲ್ಲಿ ಬಂದು ಮಾಪಕ ನೋಡಿ ಹೋದರಂತೆ. ಅಂದು ಒಂದು ಹನಿಯೂ ಬಿದ್ದಿರಲಿಲ್ಲ. ಬಿದ್ದಿಲ್ಲ ಎಂದು ಬರೆಯಲಿಕ್ಕೂ ನೋಡಬೇಕಲ್ಲ ಸಾರ್ ಎನ್ನುತ್ತಿದ್ದರು.

ಮೊದಮೊದಲು ನನಗೆ ಅವರನ್ನು ಕಂಡರೆ ಅಸಹ್ಯ. ಇದನ್ನು ಮುಚ್ಚಿಡುವುದು ಬೇಡ. ಅವರು ನಸ್ಯ ಏರಿಸುತ್ತಿದ್ದರು. ಮೂಗಿನ ಕೆಳಗೆ ಸದಾ ಒಂದು ಕಂದು ಗೆರೆ. ಹೆಬ್ಬೆರಳು ತೋರುಬೆರಳು ಅದೇ ಬಣ್ಣಕ್ಕೆ ತಿರುಗಿದ್ದವು. ಕರವಸ್ತ್ರದ ಬಗ್ಗೆ ಬರೆಯದಿರುವುದೇ ಒಳ್ಳೆಯದು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಅದೇ ಬೆರಳಿನಿಂದ ನನ್ನ ಉಪ್ಪಿನಕಾಯಿ ಡಬ್ಬಿಗೆ ಕೈ ಹಾಕುತ್ತಿದ್ದರು. ನಾನು ಮೂರು ತಿಂಗಳು ಉಪ್ಪಿನಕಾಯಿ ತರುವುದನ್ನೇ ಬಿಟ್ಟೆ. ಅವರಿಗೆ ಅದು ಗೊತ್ತಾಗಿ, ಒಂದು ದಿನ ತಮ್ಮ ಮನೆಯಿಂದ ಒಂದು ಸಣ್ಣ ಬಾಟಲಿ ಮಾವಿನ ಮಿಡಿ ತಂದು ನನ್ನ ಮೇಜಿನ ಮೇಲಿಟ್ಟು, "ನಾನ್ ಮುಟ್ಟಿಲ್ಲ ಸಾರ್, ನಮ್ಮೋಳು ಹಾಕಿದ್ದು" ಎಂದು ಹೇಳಿ ಹೋದರು. ಆಗ ನಾಚಿಕೆಯಾದದ್ದು ನನಗೇ.

ಅವರಿಗೆ ಒಂದು ಪ್ರಶ್ನೆಯ ಚಟವಿತ್ತು. ಯಾರೇ ಬಂದು ರಾತ್ರಿ ಭಾರಿ ಮಳೆ ಮಾರಾಯ್ರೆ ಎಂದರೆ, "ಎಷ್ಟೊತ್ತಿಗೆ?" ಎನ್ನುತ್ತಿದ್ದರು. ಭಾರಿ, ಧಾರಾಕಾರ, ಕುಂಭದ್ರೋಣ, ಇವೆಲ್ಲ ಅವರ ಮಟ್ಟಿಗೆ ಕೆಲಸಕ್ಕೆ ಬಾರದ ಮಾತುಗಳು. ಎಷ್ಟು ಬಿತ್ತು ಎಂದು ಮಾಪಕ ಹೇಳುತ್ತದೆ. ಯಾವಾಗ ಬಿತ್ತು ಎಂದು ಮನುಷ್ಯನೇ ಹೇಳಬೇಕು. "ಸರ್ಕಾರದ ಮಳೆ ದಿನ ಬೇರೆ ಸಾರ್. ಬೆಳಗ್ಗೆ ಎಂಟೂವರೆಗೆ ಹುಟ್ತದೆ, ಮಾರನೇ ದಿನ ಎಂಟೂವರೆಗೆ ಸಾಯ್ತದೆ. ಅಷ್ಟ್ರೊಳಗೆ ಯಾವಾಗ ಬಿದ್ರೂ ಒಂದೇ ಬಾಟ್ಲಿಗೆ. ಬಾಟ್ಲಿಗೆ ಟೈಮ್ ಗೊತ್ತಾಗಲ್ಲ." ಹೀಗೆ ಅವರು ನನಗೆ ವಿವರಿಸಿದಾಗ ಇದೆಲ್ಲ ಯಾರಿಗೆ ಬೇಕು ಎಂದುಕೊಂಡು ಹೂಂಗುಟ್ಟಿದ್ದೆ.

ಬಾಟಲಿಗೆ ಗೊತ್ತಾಗದ್ದನ್ನು ಬರೆದಿಡಲೆಂದೇ ಅವರು ಒಂದು ಸ್ವಂತ ಪುಸ್ತಕ ಇಟ್ಟಿದ್ದರು. ಕಚೇರಿಯಲ್ಲಿ ಬಳಸದೆ ಬಿಟ್ಟ ಉದ್ದನೆಯ ಹಳೆಯ ರಿಜಿಸ್ಟರು, ಬೆನ್ನಿಗೆ ಖಾಕಿ ಬಟ್ಟೆ ಅಂಟಿಸಿದ್ದು. ಲೋಕದವರೆಲ್ಲ ವರ್ಷಕ್ಕೊಂದು ಡೈರಿ ಬರೆದರೆ ಇವರದ್ದು ಜನ್ಮಕ್ಕೆ ಒಂದೇ. ತಾರೀಖಿಗೆ ಒಂದು ಪುಟ, ಮುನ್ನೂರ ಅರವತ್ತಾರು ಪುಟ. ಯಾವ ಶತಮಾನದಲ್ಲಿ, ಯಾವ ದೇಶದಲ್ಲಿ ಆಕಾಶ ಏನೇ ಅನಾಹುತ ಮಾಡಿರಲಿ, ಅದು ತನ್ನ ತಾರೀಖಿನ ಪುಟಕ್ಕೆ ಬಂದು ಕೂರಬೇಕು. ಬೋಂಡ ಕಟ್ಟಿಕೊಟ್ಟ ಪೇಪರು, ರೇಡಿಯೋ ವಾರ್ತೆ, ಬೀರೂರಿನ ರೈಲಿನಲ್ಲಿ ಪಕ್ಕ ಕೂತವನ ಮಾತು, ಕೊನೆಕೊನೆಗೆ ಮೊಬೈಲು, ಎಲ್ಲಿಂದಾದರೂ ಸರಿ. ವರ್ಷ, ಊರು, ಎಷ್ಟೊತ್ತಿಗೆ, ಏನಾಯ್ತು ಎಂದು ನಾಲ್ಕು ಕಾಲಂ.

ಆ ಪುಸ್ತಕದಲ್ಲಿ ಏಪ್ರಿಲ್ ಮೂವತ್ತರ ಪುಟ ಎಲ್ಲಕ್ಕಿಂತ ದಪ್ಪ. ಜಾಗ ಸಾಲದೆ ಎರಡು ಹಾಳೆ ಅಂಟಿಸಿದ್ದರು. ಭರಣಿ ಮಳೆ ಹುಟ್ಟಿ ಎರಡು ಮೂರು ದಿನವಾಗಿರುವ ಹೊತ್ತು ಅದು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಕಡೆ ಆಸೆಯಿಂದ ಮುಗಿಲು ನೋಡುವ ದಿನಗಳು. ಆ ಪುಟದ ಮೊದಲ ಸಾಲು ಹದಿನೆಂಟುನೂರ ಎಂಬತ್ತೆಂಟರದು. ಉತ್ತರದ ಮೊರಾದಾಬಾದಿನಲ್ಲಿ ಕಿತ್ತಳೆ ಗಾತ್ರದ ಆಲಿಕಲ್ಲು ಬಿದ್ದು ಇನ್ನೂರಕ್ಕೂ ಮಿಕ್ಕಿ ಜನ ಸತ್ತದ್ದು. ಅದರ ಮೂರನೇ ಕಾಲಂ ಖಾಲಿ. "ಎಷ್ಟೊತ್ತಿಗೆ ಅಂತ ಎಲ್ಲೂ ಸಿಕ್ಕಿಲ್ಲ ಸಾರ್" ಎಂದು ಅವರು ಹೇಳುವಾಗ, ಆ ಸತ್ತವರಲ್ಲಿ ತಮ್ಮ ನೆಂಟರೂ ಇದ್ದರೇನೋ ಎಂಬ ಹಾಗೆ ಮುಖ ಸಪ್ಪಗಾಗುತ್ತಿತ್ತು. ಹತ್ತೊಂಬತ್ತುನೂರ ತೊಂಬತ್ತೊಂದರಲ್ಲಿ ಬಾಂಗ್ಲಾದೇಶಕ್ಕೆ ಹೊಡೆದ ಚಂಡಮಾರುತದ ಬಗ್ಗೆ ಅವರಿಗೆ ಬೇರೆ ತಲೆನೋವು. ಅದು ಇಪ್ಪತ್ತೊಂಬತ್ತರ ರಾತ್ರಿ ಅಪ್ಪಳಿಸಿ, ಮೂವತ್ತರ ಬೆಳಕು ಹರಿದಾಗ ಲಕ್ಷಕ್ಕೂ ಹೆಚ್ಚು ಜನ ಹೆಣವಾಗಿದ್ದರು. ಯಾವ ಪುಟಕ್ಕೆ ಹಾಕುವುದು? ತಿಂಗಳುಗಟ್ಟಲೆ ಯೋಚಿಸಿ ಎರಡಕ್ಕೂ ಹಾಕಿದರಂತೆ. ಹೊಡೆದದ್ದು ಒಂದು ಪುಟಕ್ಕೆ, ಕಂಡದ್ದು ಇನ್ನೊಂದಕ್ಕೆ.

ಅದರ ಕೆಳಗೆ ನಮ್ಮ ಸೀಮೆಯವು. ಲಿಂಗದಹಳ್ಳಿ ಕಡೆ ಬಾಳೆ ಮಲಗಿಸಿದ ಆಲಿಕಲ್ಲು, ಅಂತರಘಟ್ಟೆ ದಾರಿಯಲ್ಲಿ ಒಂದು ಜೊತೆ ಎತ್ತನ್ನು ಸುಟ್ಟ ಸಿಡಿಲು, ಕಡೂರಿನ ಆಚೆ ತೆಂಗಿನ ಮರಗಳ ನೆತ್ತಿ ಮುರಿದ ಗಾಳಿ. ಪ್ರತಿಯೊಂದಕ್ಕೂ ಗಂಟೆ, ನಿಮಿಷ.

ಜನಕ್ಕೆ ಇದೊಂದು ತಮಾಷೆ. ಸರ್ಕಾರಿ ನೌಕರರು ನಿವೃತ್ತರಾಗುವುದು ತಿಂಗಳ ಕೊನೆಯ ದಿನ ತಾನೆ? ಹಾಗಾಗಿ ಏಪ್ರಿಲ್ ಮೂವತ್ತಕ್ಕೆ ಯಾರದಾದರೂ ಬೀಳ್ಕೊಡುಗೆ ಇದ್ದರೆ ಶಾಲು, ಪೇಟ, ಫಲತಾಂಬೂಲ ಎಲ್ಲ ಮುಗಿದ ಮೇಲೆ, ಊಟಕ್ಕೆ ಮುಂಚೆ, ಮಿಲಿಮೀಟ್ರು ಐಟಂ ಒಂದು ಆಗಿಬಿಡಲಿ ಎಂದು ಅವರನ್ನು ಎಬ್ಬಿಸುತ್ತಿದ್ದರು. ಅವರು ಎದ್ದುನಿಂತು, ಪುಸ್ತಕ ಬಿಚ್ಚಿ, ಶಾಲೆಯ ಹುಡುಗನ ಹಾಗೆ ಒಂದೇ ರಾಗದಲ್ಲಿ ಮೊರಾದಾಬಾದಿನಿಂದ ಶುರುಮಾಡಿ ಓದುತ್ತಿದ್ದರು. ಹೆಣಗಳ ಸಂಖ್ಯೆ ಬಂದಾಗ ಜನ ನಗುತ್ತಿದ್ದರು. ಒಬ್ಬ ಮ್ಯಾನೇಜರು, "ನಾನು ರಿಟೈರಾಗಿ ಮನೇಲಿ ಕೂರೋದನ್ನೂ ಬರ್ಕೊಳ್ರಿ, ನಮ್ಮನೆಯೋಳಿಗೆ ಅದೂ ಪ್ರಕೃತಿ ವಿಕೋಪನೇ" ಎಂದಿದ್ದರು. ಕೊನೆಗೆ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಎಲೆಯ ಮುಂದೆ ಕೂರುತ್ತಿದ್ದರು. ಅವರು ಗೇಲಿಯನ್ನು ಗಮನಿಸದವರ ಹಾಗೆ ಪುಸ್ತಕ ಮುಚ್ಚಿ, ನೀರು ಬಡಿಸಲು ಹೋಗುತ್ತಿದ್ದರು.

ನಮ್ಮ ತಂದೆ ತೀರಿಕೊಂಡಾಗ ಮಣ್ಣಿಗೆ ಬಂದಿದ್ದ ಅವರು ನನ್ನ ಹತ್ತಿರ ನಿಂತು ಕೇಳಿದ್ದೂ ಅದನ್ನೇ. "ಎಷ್ಟೊತ್ತಿಗೆ ಸಾರ್?" ನನಗೆ ರೇಗಿ ಹೋಯಿತು. ಬೆಳಗಿನ ಜಾವ ಐದಕ್ಕೆ ಎಂದು ಹಲ್ಲು ಕಚ್ಚಿ ಹೇಳಿದೆ. ಅವರು, "ಆಗ ಸೋನೆ ಹಿಡಿದಿತ್ತು ಸಾರ್. ತಂಪೊತ್ತಲ್ಲಿ ಹೋದ್ರು ಬಿಡಿ" ಎಂದರು. ಆ ದಿನ ನೂರು ಜನ ನೂರು ಸಮಾಧಾನ ಹೇಳಿರಬೇಕು. ನನಗೆ ನೆನಪಿರುವುದು ಇದೊಂದೇ.

ಮೂರು ವರ್ಷದ ಹಿಂದಿನ ಏಪ್ರಿಲ್ ಮೂವತ್ತು. ಭರಣಿ ಹುಟ್ಟಿದ್ದರೂ ಹನಿ ಬಿದ್ದಿರಲಿಲ್ಲ. ಬಿಸಿಲು ತಲೆ ಸೀಳುವ ಹಾಗಿತ್ತು. ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮುಂಚೆ ಫೋನು ಬಂತು. ಅಜ್ಜಂಪುರದ ಕಡೆಯ ರಸ್ತೆಯಲ್ಲಿ, ಒಂದು ಹಳ್ಳಿಯ ಕ್ರಾಸಿನಲ್ಲಿ, ನಾಲ್ಕು ತಿಂಗಳ ಹಿಂದಷ್ಟೇ ಕಟ್ಟಿದ ಬಸ್ ತಂಗುದಾಣದ ಗೋಡೆ ಕುಸಿದು ಒಬ್ಬ ಹೆಂಗಸು ಸಿಕ್ಕಿಕೊಂಡಿದ್ದಾಳೆ ಎಂದು. ಹೋಗಿ ನೋಡ್ಕೊಂಡು ಬನ್ರೀ ಎಂದು ಸಾಹೇಬರು ನನ್ನನ್ನು ಅಟ್ಟಿದರು. ಆ ಕಡೆಯ ದಾರಿ ಚೆನ್ನಾಗಿ ಬಲ್ಲವರೆಂದು ಮಳೆ ಅಳೆಯುವ ಇವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ.

ಅವಳು ಅಲ್ಲಿ ಬಸ್ಸಿಗೆ ಕಾಯುವವರಿಗೆ ಸೌತೆಕಾಯಿ ಹೆಚ್ಚಿ, ಉಪ್ಪುಖಾರ ಸವರಿ ಮಾರುತ್ತಿದ್ದವಳು. ಗಂಡ ಬಿಟ್ಟುಹೋಗಿ ತಾಯಿಯ ಜೊತೆಗಿದ್ದಳು. ನಾವು ಹೋಗುವಷ್ಟರಲ್ಲಿ ಹೊರಗೆಳೆದು ಗೋಣಿ ಹೊದಿಸಿದ್ದರು. ಸುತ್ತ ಸೌತೆಕಾಯಿ ಉರುಳಿದ್ದವು. ತಾಯಿ ಕಾಲ ಬಳಿ ಕೂತಿದ್ದಳು. ನಾನು ಮುಖ ಬೇರೆ ಕಡೆ ತಿರುಗಿಸಿದರೆ, ಇವರು ಬೈಕಿನಿಂದ ಇಳಿದವರೇ ಕತ್ತೆತ್ತಿ ಆಕಾಶ ನೋಡಿದರು. ಹೆಣದ ಮುಂದೆ ನಿಂತು ಮುಗಿಲು ನೋಡುವ ಇವನೆಂಥ ಮನುಷ್ಯ ಎಂದು ನನಗೆ ಹೇಸಿಗೆಯಾಯಿತು. ಅವರು ಜೇಬಿನ ಚೀಟಿಯಲ್ಲಿ ಏನೋ ಬರೆದುಕೊಂಡರು. ಬಿದ್ದ ಗೋಡೆಯ ಹತ್ತಿರ ಹೋಗಿ ಗಾರೆಯನ್ನು ಎರಡು ಬೆರಳಲ್ಲಿ ಹಿಸುಕಿದರು. ಅದು ಹುರಿಹಿಟ್ಟಿನ ಹಾಗೆ ಉದುರಿತು.

"ನೀರೇ ಕುಡ್ಸಿಲ್ಲ ಸಾರ್ ಇದಕ್ಕೆ" ಎಂದರು. "ಕಟ್ಟಿದ್ದು ಕಟ್ಟಿದ್ದೇ, ಒಂದ್ ಕೊಡ ನೀರು ಹೊಡೆದಿಲ್ಲ. ಸಿಮೆಂಟೂ ಅಷ್ಟಕ್ಕಷ್ಟೇ."

ನಾವು ಬೆವರಿನಲ್ಲಿ ತೊಯ್ದುಕೊಂಡು ಕಚೇರಿಗೆ ವಾಪಸು ಬಂದೆವು. ಸಂಜೆ ಐದರ ಮೇಲೆ ಎಲ್ಲಿತ್ತೋ ಆ ಮೋಡ, ಒಮ್ಮೆಲೇ ಕವಿದು ಆಲಿಕಲ್ಲಿನ ಸಮೇತ ಸುರಿಯಿತು. ಇವರು ಜಗಲಿಯಲ್ಲಿ ನಿಂತು ಗಡಿಯಾರ ನೋಡಿ, "ಐದು ಇಪ್ಪತ್ತು" ಎಂದರು. ಫೋಟೋ ತೆಗೆಯುವವರು, ಮಹಜರು ಮಾಡುವವರು ಸ್ಥಳಕ್ಕೆ ಹೋದದ್ದು ಅದಾದ ಮೇಲೆ. ಫೋಟೋಗಳಲ್ಲಿ ಎಲ್ಲ ಒದ್ದೆ. ಒದ್ದೆ ಇಟ್ಟಿಗೆ, ಒದ್ದೆ ಗೋಣಿ, ಸುತ್ತ ಕರಗದೆ ಉಳಿದ ಆಲಿಕಲ್ಲು. ಮಾರನೇ ದಿನ ರಜೆ. ಅವರು ಎಂದಿನಂತೆ ಎಂಟೂವರೆಗೆ ಬಂದು ಅಳೆದರು. ಎಪ್ಪತ್ತೆರಡು ಮಿಲಿಮೀಟರು. ರಿಜಿಸ್ಟರಿನಲ್ಲಿ ಬರೆದರು.

ಎರಡು ದಿನ ಬಿಟ್ಟು ಸಾಹೇಬರು ಅವರನ್ನು ಒಳಗೆ ಕರೆದರು. ನಾನು ಟಿಪ್ಪಣಿ ಬರೆದುಕೊಳ್ಳಲು ಕೂತಿದ್ದೆ. ಸಂತಾಪ ಸಭೆಯಲ್ಲಿ ಸತ್ಯದ ಮಾತಾಡಿದ ಆ ಗುತ್ತಿಗೆದಾರನೇ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ಒಂದು ಜೀವ ತೆಗೆದ ಗೋಡೆ ಕಟ್ಟಿದವನ ಗಂಟಲಲ್ಲಿ ಎಳನೀರು ಅಷ್ಟು ಸಲೀಸಾಗಿ ಇಳಿಯುವುದನ್ನು ನೋಡುವುದೇ ಒಂದು ಶಿಕ್ಷೆ.

"ಅವತ್ತಿನ ಮಳೆ ಎಷ್ಟ್ರೀ?" ಎಂದರು ಸಾಹೇಬರು.

"ಎಪ್ಪತ್ತೆರಡು ಸಾರ್. ಆದ್ರೆ ಅದು ಬಿದ್ದಿದ್ದು ಸಂಜೆ. ಗೋಡೆ ಬಿದ್ದಿದ್ದು ಎರಡೂ ಮುಕ್ಕಾಲಿಗೆ."

"ರಿಜಿಸ್ಟರಿನಲ್ಲಿ ಟೈಮ್ ಇದ್ಯಾ?"

"ಅದ್ರಲ್ಲಿ ಟೈಮಿಗೆ ಕಾಲಂ ಇಲ್ಲ ಸಾರ್. ನನ್ ಪುಸ್ತಕದಲ್ಲಿದೆ" ಎಂದು ಓಡಿಹೋಗಿ ಪುಸ್ತಕ ತಂದು, ಏಪ್ರಿಲ್ ಮೂವತ್ತರ ಪುಟ ಬಿಚ್ಚಿ ಸಾಹೇಬರ ಮೇಜಿನ ಮೇಲಿಟ್ಟರು.

ಅವರು ಜನ್ಮದಲ್ಲಿ ಮಾಡಿದ ದೊಡ್ಡ ತಪ್ಪು ಅದು. ಗುತ್ತಿಗೆದಾರ ಎಳನೀರು ಕೆಳಗಿಟ್ಟು ಬಗ್ಗಿ ನೋಡಿದ. ಕೊನೆಯ ಸಾಲನ್ನಲ್ಲ, ಮೇಲಿನಿಂದ ಇಡೀ ಪುಟವನ್ನು. ಅವನ ಮುಖ ಅರಳಿತು.

"ಅಯ್ಯಯ್ಯೋ, ಸಾರ್, ನೋಡಿ ಇಲ್ಲಿ! ಆನೆಕಲ್ಲು, ಚಂಡಮಾರುತ, ಸಿಡಿಲು, ಗಾಳಿ. ಎಲ್ಲ ಇದೇ ದಿನ! ಈ ದಿನಾನೇ ಅಂಥಾದ್ದು ಕಣ್ರೀ. ನಾನೇನ್ ಮಾಡಕ್ಕಾಗ್ತದೆ? ದೈವಲೀಲೆ. ಏನ್ ಮಿಲಿಮೀಟ್ರೇ, ಎಂಥಾ ದಾಖಲೆ ಇಟ್ಟಿದೀರಿ! ಇದನ್ನ ಜೆರಾಕ್ಸ್ ಮಾಡ್ಸಿ ಸಾರ್."

"ಸಾರ್, ಕೊನೇ ಸಾಲು ಓದಿ ಸಾರ್" ಎಂದರು ಇವರು.

"ಅದು ನಿಮ್ಮ ಖಾಸಗಿ ಬರಹ ಕಣ್ರೀ. ಹೊರಗೆ ಹೋಗಿ" ಎಂದರು ಸಾಹೇಬರು. ಕೊನೆಯ ಸಾಲು ಖಾಸಗಿ, ಮೇಲಿನ ಸಾಲುಗಳು ಮಾತ್ರ ದಾಖಲೆ. ಜೆರಾಕ್ಸು ಮಾಡಿಸಿದವನು ನಾನೇ. ಕೊನೆಯ ಸಾಲಿನ ಮೇಲೆ ಒಂದು ಬಿಳಿ ಹಾಳೆ ಅಡ್ಡ ಇಟ್ಟು ಮಾಡಿಸಿದೆ. ವರದಿ ಟೈಪು ಮಾಡಿದವನೂ ನಾನೇ. "ಸದರಿ ದಿನದಂದು ಭಾರಿ ಮಳೆಯಾಗಿದ್ದು, ಈ ದಿನಾಂಕದಂದು ಹಿಂದಿನಿಂದಲೂ ವಿಪರೀತ ಹವಾಮಾನದ ಘಟನೆಗಳು ಸಂಭವಿಸುತ್ತಿರುವುದು ಲಗತ್ತಿಸಿದ ದಾಖಲೆಯಿಂದ ಕಂಡುಬರುತ್ತದೆ." ಮೊರಾದಾಬಾದಿನಲ್ಲಿ ನೂರು ವರ್ಷಕ್ಕೂ ಹಿಂದೆ ತಲೆಯೊಡೆದು ಸತ್ತ ಬಡಪಾಯಿಗಳನ್ನು, ಬಾಂಗ್ಲಾದಲ್ಲಿ ಕೊಚ್ಚಿಹೋದ ಮಕ್ಕಳುಮರಿಯನ್ನು ನಮ್ಮೂರಿನ ಒಬ್ಬ ಕಳ್ಳ ಗುತ್ತಿಗೆದಾರನ ಪರವಾಗಿ ಸಾಕ್ಷಿಗೆ ತಂದು ನಿಲ್ಲಿಸಿದೆವು. ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದನ್ನು ನೆನೆದರೆ ಇವತ್ತಿಗೂ ಮೈ ಹೇಸುತ್ತದೆ.

ಸಂಜೆ ಅವರು ನನ್ನ ಮೇಜಿನ ಹತ್ತಿರ ಬಂದರು.

"ಸಾರ್, ಒಂದೇ ಒಂದು ಸಾಲು ಸೇರ್ಸಿ. ಗೋಡೆ ಬಿದ್ದಾಗ ಮಳೆ ಬಂದಿರಲಿಲ್ಲ ಅಂತ."

"ಸಾಹೇಬ್ರು ಹೇಳಿದಷ್ಟು ಟೈಪ್ ಮಾಡೋದಷ್ಟೇ ನನ್ ಕೆಲಸ."

"ನೀವೂ ಬಂದಿದ್ರಲ್ಲ ಸಾರ್. ನಿಮ್ ಮೈ ಮೇಲೆ ಒಂದ್ ಹನಿ ಬಿದ್ದಿತ್ತಾ?"

ನಾನು ವರದಿಯ ಹಾಳೆಗಳನ್ನು ಸೇರಿಸಿ ಟ್ಯಾಗು ಕಟ್ಟಿದೆ. ಬೀರೂರಿನ ನಮ್ಮ ಮನೆಗೆ ಹತ್ತಿರವಾಗುವ ಹಾಗೆ ವರ್ಗಾವಣೆ ಕೇಳಿ ನಾನು ಕೊಟ್ಟಿದ್ದ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ನಾನು ತೂರಿಕೊಂಡೆ. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಾವೇ ಮೇಲಿನವರಿಗೆ ಒಂದು ಅರ್ಜಿ ಬರೆಯುತ್ತೇನೆಂದು ಅವರು ಹೊರಟರು. ಬರೆದೂ ಆಯಿತು. ಅದನ್ನು ಅಂಚೆಗೆ ಹಾಕಬೇಕೆನ್ನುವ ದಿನ ಸತ್ತವಳ ತಾಯಿ ಕಚೇರಿಗೆ ಬಂದಳು. ಹಿತ್ತಲಿನ ಹೊಂಗೆ ಮರದ ಕೆಳಗೆ, ಮಳೆಮಾಪಕದ ಬೇಲಿ ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲ ಹೇಳಿ ಕಳಿಸಿದವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಕಿಟಕಿಯ ಹತ್ತಿರವೇ ಕೂತಿದ್ದೆ, ಎಲ್ಲ ಕೇಳಿಸಿತು.

"ಸ್ವಾಮಿ, ಮಳೆ ಅಂತಾನೇ ಇರ್ಲಿ. ಮಳೆಗೆ ಸತ್ಲು ಅಂದ್ರೆ ಸರ್ಕಾರದೋರು ಪರಿಹಾರ ಕೊಡ್ತಾರಂತೆ. ಗೋಡೆ ಸರಿಯಿರ್ಲಿಲ್ಲ ಅಂದ್ರೆ ಕೋರ್ಟಂತೆ. ಅದು ತೀರೋ ಹೊತ್ಗೆ ನಾನೇ ಇರಾಕಿಲ್ಲ."

"ಅಮ್ಮಾ, ನೀವು ಅಲ್ಲೇ ಇದ್ರಲ್ಲ. ಮಳೆ ಬಂದಿತ್ತಾ?"

"ಎಲ್ಲಿ ಬಂದಿತ್ತು ಸ್ವಾಮಿ. ಬಿಸ್ಲು ಅಂತ ನಾನೇ ಅವಳಿಗೆ ಗೋಡೆ ಮರೇಲಿ ಕೂತ್ಕಳೇ ಅಂದಿದ್ದು." ಅವಳು ಮುಂದುವರಿಸಿದಳು, "ಮಳೆ ಅಂತ ಬರ್ದಿದ್ದಕ್ಕೆ ಹೆಬ್ಬೆಟ್ಟು ಒತ್ತಿ ಬಂದೀನಿ. ನೀವೊಬ್ರು ಸುಮ್ನಿದ್ರೆ ನಾನು ಎರಡ್ ಹೊತ್ತು ಉಣ್ತೀನಿ."

ಅವರು ಜೇಬಿನಿಂದ ಅರ್ಜಿ ತೆಗೆದು, ನಾಲ್ಕು ಮಡಿಕೆ ಮಾಡಿ, ಮತ್ತೆ ಜೇಬಿಗೇ ಹಾಕಿಕೊಂಡರು. "ಪರಿಹಾರ ನಿಮ್ ಕೈ ಸೇರೋವರ್ಗೂ ನಾನ್ ಬಾಯಿ ಬಿಡಲ್ಲ" ಎಂದರು. "ಸೇರಿದ ಮೇಲೆ ಒಂದ್ಸಾರಿ ಹೇಳ್ತೀನಿ. ನೀವೂ ಬರ್ಬೇಕು."

ಒಬ್ಬ ಬಡ ಮುದುಕಿಯ ಹೊಟ್ಟೆಯನ್ನು ಅಡ್ಡ ಹಿಡಿದು ಒಬ್ಬ ಪ್ರಾಮಾಣಿಕನ ಬಾಯಿ ಮುಚ್ಚಿಸಿದ್ದರಲ್ಲ, ಆ ಜಾಣತನದಷ್ಟು ಹೊಲಸು ನಾನು ಬೇರೆ ಕಂಡಿಲ್ಲ. ಆ ಒಂದು ವರ್ಷ ಅವರು ದಿನಾ ಮಳೆ ಅಳೆದರು, ಟೀ ತಂದರು, ಗೇಟು ತೆಗೆದರು. ಯಾರಾದರೂ ಮಳೆಯ ಸುದ್ದಿ ಎತ್ತಿದರೆ ಎಷ್ಟೊತ್ತಿಗೆ ಎಂದು ಕೇಳುವುದನ್ನು ಮಾತ್ರ ಬಿಟ್ಟರು. ನನಗೆ ಬೀರೂರಿನ ಹತ್ತಿರಕ್ಕೆ ವರ್ಗವಾಯಿತು. ಮುದುಕಿಗೆ ಪರಿಹಾರವೂ ಬಂತು. ಗುತ್ತಿಗೆದಾರನಿಗೆ ಅದೇ ಜಾಗದಲ್ಲಿ ಹೊಸ ತಂಗುದಾಣದ ಕೆಲಸ ಸಿಕ್ಕಿತು. ಓದುವವರಿಗೆ ಇದು ಉತ್ಪ್ರೇಕ್ಷೆ ಅನ್ನಿಸಬಹುದು, ನಮ್ಮ ಕಡೆಯವರಿಗೆ ಅನ್ನಿಸುವುದಿಲ್ಲ.

ಮರುವರ್ಷದ ಏಪ್ರಿಲ್ ಮೂವತ್ತಕ್ಕೆ ಅವರದೇ ನಿವೃತ್ತಿ. ಕರೆ ಬಂತು, ಹೋದೆ. ಮುಂದಿನ ಸಾಲಿನಲ್ಲಿ ನಿವೃತ್ತರ ಮನೆಯವರು ಕೂರುವುದು ರೂಢಿ. ಅಲ್ಲಿ ಅವರ ಹೆಂಡತಿ ಕೂತಿದ್ದರು, ಪಕ್ಕದಲ್ಲಿ ಆ ಮುದುಕಿ. ಅವರ ಅತ್ತಿಗೆಯೋ ಅಕ್ಕನೋ ಇರಬೇಕೆಂದು ಎಲ್ಲರೂ ತಿಳಿದರು. ಊಟದ ಖರ್ಚು ಗುತ್ತಿಗೆದಾರನದು. ಹೋಳಿಗೆ ಮಾಡಿಸಿದ್ದ. ಶಾಲು ಹೊದಿಸಿದವನೂ ಅವನೇ. ಹೊದಿಸುತ್ತ ಫೋಟೋದವನ ಕಡೆ ತಿರುಗಿ ಹಲ್ಲು ಕಿರಿದ. ಭಾಷಣಗಳು ಮುಗಿದವು. ಹಿಂದಿನಿಂದ ಯಾರೋ, "ಮಿಲಿಮೀಟ್ರು ಐಟಂ ಆಗ್ಲಿ! ಕೊನೇ ಸಾರಿ!" ಎಂದು ಕೂಗಿದರು. ಎಲ್ಲರೂ ನಕ್ಕರು.

ಅವರು ಎದ್ದು, ಪುಸ್ತಕ ಬಿಚ್ಚಿದರು. ಅದೇ ಹಳೆಯ ರಾಗದಲ್ಲಿ ಶುರುಮಾಡಿದರು. ಮೊರಾದಾಬಾದು. ಬಾಂಗ್ಲಾದೇಶ. ಲಿಂಗದಹಳ್ಳಿ, ಮಧ್ಯಾಹ್ನ ನಾಲ್ಕು. ಅಂತರಘಟ್ಟೆ ದಾರಿ, ಸಂಜೆ ಆರೂಕಾಲು, ಎತ್ತು ಒಂದು ಜೊತೆ. ಕಡೂರು, ತೆಂಗು. ಹಿಂದೆ ಎಲೆ ಹಾಸುವ ಸದ್ದು, ಬಕೆಟ್ಟಿನ ಸದ್ದು. ಅವರು ಅಲ್ಲಿಗೆ ನಿಲ್ಲಿಸದೆ ಮುಂದುವರಿಸಿದರು.

"ಹೋದ ವರ್ಷ. ಇದೇ ದಿನ. ಅಜ್ಜಂಪುರದ ರಸ್ತೆ ಕ್ರಾಸು. ಮಧ್ಯಾಹ್ನ ಎರಡೂ ಮುಕ್ಕಾಲು. ಮೋಡ ಇರಲಿಲ್ಲ. ಗಾಳಿ ಇರಲಿಲ್ಲ. ಮಳೆ ಇರಲಿಲ್ಲ. ಗೋಡೆಗೆ ನೀರು ಕುಡಿಸಿರಲಿಲ್ಲ. ಸೌತೆಕಾಯಿ ಮಾರುವ ಹೆಂಗಸು ಒಬ್ಬಳು ಸತ್ತಳು. ಸಂಜೆ ಐದು ಇಪ್ಪತ್ತಕ್ಕೆ ಮಳೆ ಬಂತು. ಎಪ್ಪತ್ತೆರಡು ಮಿಲಿಮೀಟರು. ಆ ಮಳೆಗೆ ಯಾರೂ ಸಾಯಲಿಲ್ಲ."

ಪುಸ್ತಕ ಮುಚ್ಚಿ ಕೈ ಮುಗಿದು ನಿಂತರು.

ಮೊದಲು ಚಪ್ಪಾಳೆ ತಟ್ಟಿದವನು ಗುತ್ತಿಗೆದಾರ. ಅವನಿಗೆ ಅರ್ಥವಾಗದೆ ತಟ್ಟಿದ್ದಲ್ಲ, ಚೆನ್ನಾಗಿ ಅರ್ಥವಾದ್ದರಿಂದಲೇ ತಟ್ಟಿದ. "ಭೇಷ್! ಭೇಷ್!" ಎಂದು ಕೂಗುತ್ತ ಎರಡೂ ಕೈ ಎತ್ತಿ ತಟ್ಟಿದ. ಸಾಹೇಬರು ತಟ್ಟಿದರು. ಹಿಂದಿನಿಂದ ಶಿಳ್ಳೆ ಬಂತು. ಹಿಂದೆಲ್ಲ ತಟ್ಟಿ ಅಭ್ಯಾಸವಾಗಿದ್ದವರು ಎಂದಿನ ಹಾಗೆ ತಟ್ಟುತ್ತ ಎದ್ದು ಊಟದ ಕಡೆ ನಡೆದರು. ನನ್ನ ಕೈಗಳೂ ತಟ್ಟುತ್ತಿದ್ದವು. ಅವರು ಆ ಸದ್ದಿನ ನಡುವೆ ಕೈ ಮುಗಿದುಕೊಂಡೇ ನನ್ನನ್ನು ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು.

ಮುದುಕಿ ಊಟಕ್ಕೆ ಕೂರಲಿಲ್ಲ. ನಾನು ಬೈಕಿನ ಹತ್ತಿರ ಹೋದಾಗ ಹಿಂದೆಯೇ ಬಂದಳು.

"ಅವತ್ತು ಗಾಡೀಲಿ ಇವ್ರನ್ನ ಕೂರಿಸ್ಕಂಡು ಬಂದೋನು ನೀನೇ ಅಲ್ವೇನಪ್ಪಾ?"

"ಹೌದಮ್ಮ."

"ಈಗ ಅವ್ರು ಓದಿದ್ದು ನಿಂಗೆ ಕೇಳಿಸ್ತಾ?"

"ಕೇಳಿಸ್ತಮ್ಮ."

"ಮತ್ತೆ ಚಪ್ಪಾಳೆ ಯಾಕಪ್ಪಾ ಹೊಡ್ದೆ?"